ಮೊದಲು ನಂಟು, ಆಮೇಲೆ ಮಂಚ: ಆಲಿಸ್ ಸ್ಪ್ರಿಂಗ್ಸ್‌ಗೆ ಬರುವ ಅಬೊರಿಜಿನಲ್ ಅತಿಥಿಗಳ ತಂಗುದಾಣ ನಡೆಸುವ ಬಗೆ

ಕಿಂಟೋರ್ ಎಂಬ ಊರು ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಪಶ್ಚಿಮ ಗಡಿಗೆ ಒತ್ತಿಕೊಂಡಿದೆ. ಅಲ್ಲಿಂದ ದೇಶದ ನಡುಭಾಗದ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ಗೆ 500 ಕಿಲೋಮೀಟರಿಗೂ ಹೆಚ್ಚು ದೂರ, ಬಹುಪಾಲು ಮಣ್ಣುರಸ್ತೆ. ಯುಂಡುಮು ಎಂಬ ಇನ್ನೊಂದು ಊರಿನಿಂದ ಸುಮಾರು 290 ಕಿಲೋಮೀಟರು. ಅಬೊರಿಜಿನಲ್ ಜನ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು, ನೆಲೆಸಿರುವ ಇಂಥ ಊರುಗಳವರಿಗೆ ಹೆರಿಗೆ, ಹೃದಯದ ಸ್ಕ್ಯಾನ್, ಕೋರ್ಟಿನ ವಾಯಿದೆ ಯಾವುದಿದ್ದರೂ ಆಲಿಸ್‌ಗೆ ಬಾರದೆ ವಿಧಿಯಿಲ್ಲ. ಬಂದವರು ರಾತ್ರಿ ಎಲ್ಲಿ ಮಲಗಬೇಕು? ಹೋಟೆಲಿನವರು ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಊರಂಚಿನ ಟೌನ್ ಕ್ಯಾಂಪು ಎಂಬ ಅಬೊರಿಜಿನಲ್ ಕೇರಿಗಳಲ್ಲಿ ನಂಟರಿದ್ದರೂ ಆ ಮನೆಗಳಲ್ಲಿ ಆಗಲೇ ಕಾಲಿಡಲು ಜಾಗವಿರುವುದಿಲ್ಲ. ಜನ ಇನ್ನೂ ತುಂಬಿದರೆ ಆ ನಂಟರ ಬಾಡಿಗೆ ಕರಾರಿಗೇ ಕುತ್ತು. ಕಡೆಗೆ ಉಳಿಯುವುದು ನೀರಿಲ್ಲದ ಟಾಡ್ ನದಿಯ ಮರಳು.

ಈ ಕೊರತೆ ತುಂಬಲೆಂದೇ 1973ರಲ್ಲಿ ಅಬೊರಿಜಿನಲ್ ಹಾಸ್ಟೆಲ್ಸ್ ಲಿಮಿಟೆಡ್ ಎಂಬ ಕೇಂದ್ರ ಸರ್ಕಾರದ ಕಂಪನಿ ಹುಟ್ಟಿತು. ಆಲಿಸ್‌ನಲ್ಲಿ 2011ರಲ್ಲಿ ಅಪ್ಮೆರ ಮ್ವೆರ ಎಂಬ ಸಂದರ್ಶಕರ ತಾಣ ತೆರೆಯಿತು. ಅಲ್ಲಿಯ ಮೂಲನಿವಾಸಿಗಳ ಅರೆರ್ನ್ಟೆ ಭಾಷೆಯಲ್ಲಿ ಹಾಗೆಂದರೆ ‘ಒಳ್ಳೆಯ ಜಾಗ’. ಪಶ್ಚಿಮ ಆಸ್ಟ್ರೇಲಿಯಾದ ಬೌಲ್ಡರ್, ಡರ್ಬಿ, ಬ್ರೂಮ್ ಪಟ್ಟಣಗಳಲ್ಲೂ ಇದೇ ಬಗೆಯ ಅಲ್ಪಾವಧಿ ತಂಗುದಾಣಗಳಿವೆ.

ಇಂಥ ಕಡೆ ಸ್ವಾಗತದ ಮೇಜಿನಲ್ಲೋ ರಾತ್ರಿ ಪಾಳಿಯಲ್ಲೋ ಅಡುಗೆಮನೆಯಲ್ಲೋ ಆಸ್ಪತ್ರೆಯ ಡಿಸ್ಚಾರ್ಜ್ ವಿಭಾಗದಲ್ಲೋ ಕೆಲಸಕ್ಕೆ ಸೇರುವ ಕನ್ನಡಿಗರಿಗಾಗಿ ಈ ಬರಹ. ಎರಡು ಮಾತು ಮೊದಲೇ ಹೇಳಿಬಿಡಬೇಕು. ಒಂದು, ‘ಅಬೊರಿಜಿನಲ್ ಜನ’ ಎಂದೇ ಹೇಳಿ, ಎಂದೂ ಮೊಟಕು ಮಾಡಬೇಡಿ. ಮೊಟಕು ಮಾಡಿದ ರೂಪ ಅಲ್ಲಿ ಬೈಗುಳ. ಗೊತ್ತಿದ್ದರೆ ವಾರ್ಲ್‌ಪಿರಿ, ಪಿಂಟುಪಿ, ಅರೆರ್ನ್ಟೆ, ಪಿಚಂಚಾರ ಎಂದು ಆಯಾ ಜನದ ಹೆಸರು ಹಿಡಿಯುವುದು ಇನ್ನೂ ಮೇಲು. ಎರಡು, ಇಲ್ಲಿರುವ ಕಟ್ಟಳೆಗಳೆಲ್ಲ ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯವು. ಉತ್ತರ ಕರಾವಳಿಯ ಡಾರ್ವಿನ್ ಕಡೆ ಭಾಷೆಯೂ ಬೇರೆ, ನಡವಳಿಕೆಯೂ ಬೇರೆ. ಅಲ್ಲಿಗೆ ಹೋದರೆ ಅಲ್ಲಿಯವರನ್ನೇ ಕೇಳಿ.

1. ಬುಕಿಂಗ್ ಫೋನ್ ಬಂದಾಗ

ಸಾಮಾನ್ಯ ಹೋಟೆಲಿನ ಅರ್ಜಿಯಲ್ಲಿ ಮೂರೇ ಪ್ರಶ್ನೆ ಇರುತ್ತವೆ: ಹೆಸರು, ಎಷ್ಟು ಜನ, ಎಷ್ಟು ರಾತ್ರಿ. ಇಲ್ಲಿ ಆ ಮೂರೂ ಕೈಕೊಡುತ್ತವೆ.

ಹೆಸರಿನಿಂದ ಶುರುಮಾಡೋಣ. ವಾರ್ಲ್‌ಪಿರಿ ಜನರಲ್ಲಿ ನಂಟಿನ ಲೆಕ್ಕಕ್ಕೆ ಎಂಟು ‘ಸ್ಕಿನ್’ ವಿಭಾಗಗಳಿವೆ, ಮೈಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗಂಡಸರ ಹೆಸರು ಜಕಾರದಿಂದ, ಹೆಂಗಸರದು ನಕಾರದಿಂದ ಶುರುವಾಗುತ್ತದೆ: ಜಪಲ್ಜಾರಿ, ನಪಲ್ಜಾರಿ ಎಂಬಂತೆ. ಇವನ್ನೇ ಎಷ್ಟೋ ಜನ ಕಾಗದಪತ್ರದಲ್ಲಿ ಉಪನಾಮವಾಗಿ ಬರೆಸಿರುತ್ತಾರೆ. ಹೀಗಾಗಿ ಒಂದೇ ವಾರದಲ್ಲಿ ಐವರು ನಪಲ್ಜಾರಿಯರು ಬರಬಹುದು. ಹುಟ್ಟಿದ ತಾರೀಖು ನೋಡಿ ಬಿಡಿಸೋಣವೆಂದರೆ ಹಿರಿಯರಲ್ಲಿ ಅನೇಕರದು ಜುಲೈ 1. ಹುಟ್ಟಿದ ದಿನ ದಾಖಲಾಗದವರಿಗೆ ಕಚೇರಿಯವರು ಅಂದಾಜಿಗೆ ಹಾಕಿದ ತಾರೀಖು ಅದು. ಹೆಸರು ಮತ್ತು ತಾರೀಖು ಎರಡನ್ನೇ ನಂಬಿ ಇಬ್ಬರ ದಾಖಲೆಯನ್ನು ಒಂದು ಮಾಡಿದರೆ ಒಬ್ಬರ ಡಯಾಲಿಸಿಸ್ ಊಟ ಇನ್ನೊಬ್ಬರ ತಟ್ಟೆಗೆ ಹೋಗುತ್ತದೆ. ಆಸ್ಪತ್ರೆಯ ನೋಂದಣಿ ಸಂಖ್ಯೆ, ಊರು, ಜೊತೆಗೆ ಜನ ಕರೆಯುವ ಹೆಸರು, ಈ ಮೂರನ್ನೂ ಬರೆದುಕೊಳ್ಳಿ.

ಎಷ್ಟು ಜನ ಎಂಬುದು ಇನ್ನೂ ನಾಜೂಕು. ರೋಗಿಯ ಪ್ರಯಾಣಕ್ಕೆ ನೆರವು ಕೊಡುವ ಸರ್ಕಾರಿ ಯೋಜನೆ ಉತ್ತರ ಪ್ರಾಂತ್ಯದಲ್ಲಿ ತಜ್ಞ ವೈದ್ಯರಿಂದ 200 ಕಿಲೋಮೀಟರಿಗಿಂತ ದೂರ ಇರುವವರಿಗೆ ಅನ್ವಯಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆ ಅಂತರ 100. ರೋಗಿಯ ಜೊತೆಗೆ ಬರುವವರ ಖರ್ಚು ಸಿಗಬೇಕಾದರೆ ಮೊದಲೇ ವೈದ್ಯಕೀಯ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಕಾಗದ ಹೊರಡುವ ಮುಂಚೆಯೇ ಕೈಯಲ್ಲಿರಲಿ. ಇಲ್ಲದಿದ್ದರೆ ಜೊತೆಗಾರರು ಹೇಗೂ ಬರುತ್ತಾರೆ, ಹಾಸಿಗೆಯೂ ಬೇಕಾಗುತ್ತದೆ, ಹಣ ಮಾತ್ರ ಎಲ್ಲಿಂದಲೂ ಬರುವುದಿಲ್ಲ. ಒಪ್ಪಿಗೆ ಒಬ್ಬರಿಗೆ ಸಿಕ್ಕಿದ್ದರೂ ಇಬ್ಬರಿಗೆ ಜಾಗ ಇಟ್ಟುಕೊಂಡಿರಿ.

ಎಷ್ಟು ರಾತ್ರಿ? ಸ್ಕ್ಯಾನಿಗೆ ಬಂದವರಿಗೆ ಎರಡು ದಿನ. ದೂರದ ಊರಿನ ಬಸುರಿಯರನ್ನು ಸಾಮಾನ್ಯವಾಗಿ 38ನೇ ವಾರಕ್ಕೆ ಪಟ್ಟಣಕ್ಕೆ ಕಳಿಸುತ್ತಾರೆ, ಅವರಿಗೆ ಎರಡು ಮೂರು ವಾರ ಬೇಕು. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುತ್ತಾರೆ. ಇಲ್ಲಿ ಹೆರಿಗೆಗಾಗಿ ತವರನ್ನೇ ಬಿಟ್ಟು ಬರಬೇಕು. ಸಾವಿಗೆ ಬಂದವರದ್ದು ಲೆಕ್ಕಕ್ಕೆ ಸಿಗದು, ಶವಸಂಸ್ಕಾರ ವಾರಗಟ್ಟಲೆ ಮುಂದೆ ಹೋಗುವುದುಂಟು. ಡಯಾಲಿಸಿಸ್‌ಗೆ ಬಂದವರು ‘ಸದ್ಯಕ್ಕೆ’ ಎಂದೇ ಬರುತ್ತಾರೆ, ವರ್ಷಗಳೇ ಉರುಳುತ್ತವೆ.

ಈಗ ಮುಖ್ಯ ಪ್ರಶ್ನೆ: ‘ಜೊತೆಗೆ ಬರುವವರು ಏನಾಗಬೇಕು?’

ಇದನ್ನು ಕೇಳುವುದರಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಅರ್ಜಿಯಲ್ಲಿ ‘ಆಂಟಿ’ ಎಂಬ ಒಂದೇ ಚೌಕದೊಳಗೆ ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲರನ್ನೂ ತುರುಕುತ್ತಾರೆ. ಮರುಭೂಮಿಯವರ ಲೆಕ್ಕ ನಮ್ಮದಕ್ಕೆ ಹತ್ತಿರ. ತಾಯಿಯ ಅಕ್ಕತಂಗಿಯರೂ ತಾಯಂದಿರೇ, ತಂದೆಯ ಅಣ್ಣತಮ್ಮಂದಿರೂ ತಂದೆಯರೇ. ತಾಯಿಯ ಅಣ್ಣತಮ್ಮ ಮಾತ್ರ ಬೇರೆ, ಸೋದರಮಾವನ ಜಾಗದವನು. ದೊಡ್ಡಪ್ಪನ ಮಕ್ಕಳು ಸ್ವಂತ ಅಣ್ಣತಮ್ಮಂದಿರಂತೆ. ಆದ್ದರಿಂದ ಹುಡುಗನೊಬ್ಬ ಮೂವರು ಹೆಂಗಸರನ್ನು ತೋರಿಸಿ ಮೂವರೂ ನನ್ನ ತಾಯಿ ಎಂದರೆ ಸುಳ್ಳು ಹೇಳುತ್ತಿದ್ದಾನೆಂದು ಬಗೆಯಬೇಡಿ. ‘ಹೆತ್ತವರು ಯಾರು’ ಎಂಬುದು ಆಸ್ಪತ್ರೆಯ ಸಹಿಗೆ ಬೇಕಾದೀತು. ಕೋಣೆ ಹಂಚುವುದಕ್ಕೆ ಬೇಕಾದದ್ದು ಅವನು ಹೇಳಿದ ಉತ್ತರವೇ.

2. ಕೋಣೆ ಹಂಚುವುದು

ತಂಗುದಾಣ ಚೆನ್ನಾಗಿ ನಡೆಯುವುದೂ ಕೆಡುವುದೂ ಇಲ್ಲಿ. ಕಂಪ್ಯೂಟರು ಖಾಲಿ ಹಾಸಿಗೆ ತೋರಿಸಿತೆಂದು ಕೊಟ್ಟುಬಿಟ್ಟರೆ ಅರ್ಧ ರಾತ್ರಿಗೆ ಒಬ್ಬರು ಚೀಲ ಹೊತ್ತು ನದಿಯ ಕಡೆ ನಡೆದಿರುತ್ತಾರೆ. ಕಾರಣ ಕೇಳಿದರೆ ಹೇಳುವುದಿಲ್ಲ. ಹೇಳುವುದೇ ಅವರಿಗೆ ನಾಚಿಕೆಯ ವಿಷಯ.

ಎಲ್ಲಕ್ಕಿಂತ ಬಿಗಿಯಾದ ಕಟ್ಟಳೆ ಅತ್ತೆ ಅಳಿಯಂದಿರದ್ದು. ಅಳಿಯ ಹೆಂಡತಿಯ ತಾಯಿಯ ಎದುರಿಗೆ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ, ಒಂದೇ ಸೂರಿನ ಕೆಳಗೆ ಕೂರುವಂತಿಲ್ಲ. ಇದು ಜಗಳವಲ್ಲ, ಗೌರವ. ಹಳೆಯ ಕಾಲದ ನಮ್ಮ ಮನೆಗಳಲ್ಲಿ ಸೊಸೆ ಮಾವನೆದುರು ಬಾಗಿಲ ಮರೆಗೆ ಸರಿಯುತ್ತಿದ್ದದ್ದನ್ನು ನೆನೆಸಿಕೊಂಡರೆ ತುಸು ಅರ್ಥವಾದೀತು, ಆದರೆ ಇದು ಅದಕ್ಕಿಂತ ಎಷ್ಟೋ ಕಟ್ಟುನಿಟ್ಟು. ಅತ್ತೆ ಎಂದರೆ ಹೆಂಡತಿಯ ಹೆತ್ತ ತಾಯಿಯಷ್ಟೇ ಆಗಬೇಕಿಲ್ಲ, ಆ ತಾಯಿಯ ಅಕ್ಕತಂಗಿಯರೂ ಅದೇ ಸ್ಥಾನದವರು. ವಯಸ್ಸಿಗೆ ಬಂದ ಅಣ್ಣತಂಗಿಯರ ನಡುವೆಯೂ ಅಂತರ ಇರುತ್ತದೆ. ಅವರನ್ನು ಒಂದೇ ಕೋಣೆಗೆ ಹಾಕಬಾರದು.

ಹಂಚುವಾಗ ಈ ಕ್ರಮ ಹಿಡಿಯಿರಿ.

ಮೊದಲು ಒಂಟಿ ಗಂಡಸರ ಸಾಲು ಮತ್ತು ಒಂಟಿ ಹೆಂಗಸರ ಸಾಲು ಬೇರೆ ಮಾಡಿ. ನಡುವೆ ಕಚೇರಿಯೋ ಊಟದ ಮನೆಯೋ ಬರಲಿ. ಒಂದು ಸಾಲಿನ ಕಿಟಕಿ ಇನ್ನೊಂದರ ಬಾಗಿಲಿಗೆ ಎದುರಾಗಬಾರದು. ಬಸುರಿಯರು, ಬಾಣಂತಿಯರು ಇರುವ ಸಾಲಿಗೆ ಗಂಡಸು ಕ್ಲೀನರನ್ನೂ ಪ್ಲಂಬರನ್ನೂ ಹೇಳದೆ ಕೇಳದೆ ಕಳಿಸಬೇಡಿ. ಕೊಳಾಯಿ ಕೆಟ್ಟರೆ ಮೊದಲು ಮಹಿಳಾ ಸಿಬ್ಬಂದಿ ಹೋಗಿ ತಿಳಿಸಿ, ಒಳಗಿರುವವರು ಜಗುಲಿಗೆ ಬಂದ ಮೇಲೆ ಕೆಲಸಗಾರ ಹೋಗಲಿ.

ಆಮೇಲೆ ಕುಟುಂಬಗಳು. ಅಜ್ಜಿ, ಮಗಳು, ಮೂರು ಮಕ್ಕಳು ಬಂದರೆ ಎರಡು ಕೋಣೆಗೆ ಒಡೆಯಬೇಡಿ. ಮಂಚಗಳನ್ನು ಒತ್ತರಿಸಿ ನೆಲಕ್ಕೆ ಎರಡು ಹಾಸಿಗೆ ಹಾಕಿಕೊಡಿ. ನೆಲಕ್ಕೆ ಹಾಕುವ ಹಾಸಿಗೆಗೆ ಒರೆಸಿದರೆ ಶುಚಿಯಾಗುವ ಹೊದಿಕೆ ಇರಬೇಕು. ಹತ್ತು ಕೋಣೆಗೆ ಎಂಟು ಹೆಚ್ಚುವರಿ ಹಾಸಿಗೆ ದಾಸ್ತಾನಿದ್ದರೆ ಸಾಕಾಗುತ್ತದೆ.

ಒಬ್ಬರೇ ಬಂದವರಿಗೆ ಒಂಟಿ ಕೋಣೆ ಕೊಟ್ಟು ಉಪಕಾರ ಮಾಡಿದೆವೆಂದು ಅಂದುಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು. ಅಪರಿಚಿತ ನೆಲದಲ್ಲಿ, ಯಾರು ಸತ್ತಿದ್ದಾರೋ ಗೊತ್ತಿಲ್ಲದ ಕೋಣೆಯಲ್ಲಿ ಒಬ್ಬರೇ ಮಲಗುವುದು ಅನೇಕರಿಗೆ ಭಯ. ಪಶ್ಚಿಮ ಮರುಭೂಮಿಯ ಭಾಷೆಗಳಲ್ಲಿ ‘ಮಮು’ ಎಂದರೆ ಕೇಡು ಮಾಡುವ ಶಕ್ತಿ. ಅದರ ಬಗ್ಗೆ ತಮಾಷೆಯೂ ಬೇಡ, ಕುತೂಹಲದ ಪ್ರಶ್ನೆಯೂ ಬೇಡ. ‘ನಿಮ್ಮೂರಿನವರು ಏಳನೇ ಕೋಣೆಯಲ್ಲಿದ್ದಾರೆ, ಅವರ ಜೊತೆ ಇರುತ್ತೀರಾ?’ ಎಂದು ಕೇಳಿ ನೋಡಿ. ಜಗುಲಿಯ ದೀಪ ರಾತ್ರಿಯಿಡೀ ಉರಿಯಲಿ.

ಕೊನೆಗೆ ವೈಮನಸ್ಸು. ಎರಡು ಕುಟುಂಬಗಳ ನಡುವೆ ಊರಿನಲ್ಲಿ ಗಲಾಟೆ ನಡೆದಿದ್ದರೆ ಅದು ಆಲಿಸ್‌ಗೂ ಬರುತ್ತದೆ. ಇದನ್ನು ಕಂಡುಹಿಡಿಯಲು ಕಂಪ್ಯೂಟರಿಗೆ ಆಗದು. ಸಿಬ್ಬಂದಿಯಲ್ಲಿರುವ ಅಬೊರಿಜಿನಲ್ ಸಹೋದ್ಯೋಗಿಗೆ ದಿನವೂ ಸಂಜೆ 4 ಗಂಟೆಗೆ ಅಂದು ಬರುವವರ ಪಟ್ಟಿ ತೋರಿಸಿ. ಅವರು ಒಂದು ಹೆಸರಿನ ಮೇಲೆ ಬೆರಳಿಟ್ಟು ‘ಈ ಕಡೆ ಬೇಡ, ಆ ಕಡೆ’ ಎಂದರೆ ಬದಲಾಯಿಸಿ. ಏಕೆ ಎಂದು ಕೆದಕಬೇಡಿ. ಆ ಹೆಸರು ಅವರಿಗೂ ಯಾವುದೋ ನಂಟಿನದಾಗಿರಬಹುದು.

ಇಷ್ಟೆಲ್ಲ ಸಾಧ್ಯವಾಗಬೇಕಾದರೆ ಕೈಯಲ್ಲಿ ಸಡಿಲ ಇರಬೇಕು. ಇಪ್ಪತ್ತು ಕೋಣೆಯಲ್ಲಿ ಎರಡನ್ನು, ಒಂದೊಂದು ತುದಿಯಲ್ಲಿ ಒಂದರಂತೆ, ಸಂಜೆ 8ರವರೆಗೆ ಯಾರಿಗೂ ಕೊಡದೆ ಇಟ್ಟಿರಿ. ‘ಹಾಸಿಗೆ ಖಾಲಿ ಬಿಟ್ಟಿದ್ದೀರಿ’ ಎಂದು ಮೇಲಿನವರು ಕೇಳಿದರೆ ಉತ್ತರ ಇದೇ: ಪೂರ್ತಿ ತುಂಬಿದ ಹಾಸ್ಟೆಲಿನಲ್ಲಿ ಯಾರನ್ನೂ ಸರಿಸಲಾಗದು, ಸರಿಸಲಾಗದಿದ್ದರೆ ಅವರೇ ಎದ್ದು ಹೋಗುತ್ತಾರೆ, ಮರುದಿನದ ಡಾಕ್ಟರ ಭೇಟಿಯೂ ತಪ್ಪುತ್ತದೆ.

ಊಟದ ಮನೆಗೂ ಇದೇ ಸೂತ್ರ. ಎರಡು ಬಾಗಿಲು ಇರಲಿ. ಅತ್ತೆ ಒಳಬಂದರೆ ಅಳಿಯ ತಟ್ಟೆ ಹಿಡಿದು ಇನ್ನೊಂದು ಬಾಗಿಲಿಂದ ಹೊರಹೋಗಬಹುದು. ಒಂದೇ ಬಾಗಿಲಿದ್ದರೆ ಅಳಿಯ ಊಟಕ್ಕೇ ಬರುವುದಿಲ್ಲ. ಬಡಿಸುವ ಸಮಯ ಅರ್ಧ ಗಂಟೆ ಸಾಲದು, ಒಂದೂವರೆ ಗಂಟೆ ಬೇಕು. ತಟ್ಟೆಯನ್ನು ಹೊರಗೆ ಒಯ್ಯಬಾರದೆಂಬ ನಿಯಮವಿದ್ದರೆ ಇಂದೇ ತೆಗೆದುಹಾಕಿ.

3. ರಾತ್ರಿ ವಿಮಾನದಲ್ಲಿ ಬಂದವರು

ಫ್ಲೈಯಿಂಗ್ ಡಾಕ್ಟರ್ ಎಂಬ ವೈದ್ಯಕೀಯ ಸೇವೆಯ ವಿಮಾನ ತುರ್ತಿಗೆ ಹೊತ್ತು ತಂದವರು ಉಟ್ಟ ಬಟ್ಟೆಯಲ್ಲಿ ಬಂದಿರುತ್ತಾರೆ. ಕಾಲಲ್ಲಿ ಚಪ್ಪಲಿ ಇಲ್ಲ, ಜೇಬಲ್ಲಿ ಗುರುತಿನ ಚೀಟಿ ಇಲ್ಲ, ಫೋನಿದ್ದರೂ ಚಾರ್ಜರ್ ಇಲ್ಲ. ಆಸ್ಪತ್ರೆಯಿಂದ ರಾತ್ರಿ 10ಕ್ಕೆ ಬಿಡುಗಡೆಯಾಗಿ ಬಾಗಿಲಿಗೆ ಬಂದವರಿಗೆ ಅರ್ಜಿ ಮುಂದಿಡುವ ಮೊದಲು ಒಂದು ಚೀಲ ಕೊಡಿ: ಟವೆಲ್, ಸೋಪು, ಹಲ್ಲುಜ್ಜುವ ಬ್ರಷ್ಷು, ರಬ್ಬರ್ ಚಪ್ಪಲಿ, ಟೀ ಷರ್ಟು, ಸಡಿಲ ಲಂಗ ಅಥವಾ ಚಡ್ಡಿ, ಒಂದು ಕಂಬಳಿ. ಇಂಥ ಆರು ಚೀಲ ಯಾವಾಗಲೂ ಸಿದ್ಧವಿರಲಿ, ಎರಡು ಮಕ್ಕಳ ಅಳತೆಯವು. ಚಾರ್ಜರುಗಳು ಕಚೇರಿಯಲ್ಲಿರಲಿ, ಎರಡೂ ಬಗೆಯ ಪಿನ್ನಿನವು. ದೂರದ ಊರುಗಳಲ್ಲಿ ಬಹುತೇಕ ಟೆಲ್ಸ್ಟ್ರಾ ಒಂದೇ ಸಿಗುವುದರಿಂದ ಅದರ ಪ್ರಿಪೇಯ್ಡ್ ರೀಚಾರ್ಜ್ ಚೀಟಿಗಳನ್ನೂ ಇಟ್ಟಿರಿ. ಮನೆಗೆ ‘ಬದುಕಿದ್ದೇನೆ’ ಎಂದು ಫೋನ್ ಮಾಡುವವರೆಗೆ ಯಾರಿಗೂ ನಿದ್ದೆ ಬಾರದು.

ಬಿಸಿ ಚಹಾ ಮತ್ತು ಏನಾದರೂ ತಿನ್ನಲು. ಮಿಕ್ಕ ಕಾಗದಪತ್ರ ಬೆಳಗ್ಗೆ.

4. ಅಂಗಳ, ಬೆಂಕಿ, ಜಗುಲಿ

ಕೋಣೆಗಿಂತ ಅಂಗಳಕ್ಕೆ ಹೆಚ್ಚು ಖರ್ಚು ಮಾಡಿ. ಹಗಲು ಜನ ಇರುವುದು ಅಲ್ಲಿ. ಹವೆ ಹಿತವಾಗಿದ್ದರೆ ರಾತ್ರಿಯೂ ಅಲ್ಲೇ. ಬಯಲಲ್ಲಿ ಸುರುಳಿ ಹಾಸಿಗೆ, ಅಂದರೆ ಅಲ್ಲಿಯವರ ‘ಸ್ವ್ಯಾಗ್’, ಹಾಸಿ ಮಲಗುವುದು ಬಡತನದ ಗುರುತಲ್ಲ. ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಕಣ್ಣಿಗೆ ಕಾಣಬೇಕು. ಗೋಡೆಯೊಳಗೆ ಅದು ಕಾಣದು. ಆದ್ದರಿಂದ ಜಗುಲಿ ಕನಿಷ್ಠ ಎರಡೂವರೆ ಮೀಟರು ಅಗಲ ಇರಲಿ, ಮಲಗಿದವರ ಕಾಲ ಬಳಿ ಇನ್ನೊಬ್ಬರು ನಡೆದು ಹೋಗುವಷ್ಟು. ಕೋಣೆಗೆ ಮುಂದೆಯೂ ಹಿಂದೆಯೂ ಬಾಗಿಲಿದ್ದರೆ ಇನ್ನೂ ಒಳ್ಳೆಯದು, ಕಾರಣ ಮೇಲೆ ಹೇಳಿದ್ದೇ.

ಆಲಿಸ್‌ನಲ್ಲಿ ಜೂನ್, ಜುಲೈ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ. ಚಳಿಗಾಲಕ್ಕೆ ತಲೆಗೆ ಎರಡು ಕಂಬಳಿ ಲೆಕ್ಕ. ಬೇಸಿಗೆಗೆ ಅಂಗಳದಲ್ಲಿ ನೆರಳು ಮತ್ತು ತಣ್ಣೀರಿನ ನಲ್ಲಿ.

ಬೆಂಕಿ ಗುಂಡಿ ಒಂದಲ್ಲ, ಕನಿಷ್ಠ ಎರಡು. ಗಂಡಸರ ಕಡೆ ಒಂದು, ಹೆಂಗಸರ ಕಡೆ ಒಂದು. ಮೂರನೆಯದೊಂದು ದೂರದ ಮೂಲೆಯಲ್ಲಿದ್ದರೆ ಯಾರ ಜೊತೆಗೂ ಕೂರಲಾಗದವರಿಗೆ ಆದೀತು. ಅಲ್ಲಿ ಹೆಚ್ಚಾಗಿ ಆಗ್ನೇಯದಿಂದ ಗಾಳಿ ಬೀಸುತ್ತದೆ. ಗುಂಡಿ ಕಟ್ಟಡದ ವಾಯವ್ಯಕ್ಕಿದ್ದರೆ ಹೊಗೆ ಕೋಣೆಗೆ ನುಗ್ಗುವುದಿಲ್ಲ. ಸೌದೆಗೆ ಮಲ್ಗಾ ಮರ ಶ್ರೇಷ್ಠ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಸೌದೆ ನೀವೇ ತರಿಸಿಕೊಡಿ. ಕೊಡದಿದ್ದರೆ ಬೇಲಿಯ ಕಂಬ ಉರಿಯುತ್ತದೆ, ತಪ್ಪು ಅವರದೆನ್ನುವಂತಿಲ್ಲ. ಉದ್ದ ಹಿಡಿಯ ಸಲಿಕೆ, ಬಿಲ್ಲಿ ಎಂಬ ಚಹಾ ಡಬ್ಬ, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಬೆಂಕಿ ನಿಷೇಧ ಘೋಷಿಸಿದ ದಿನ ಗ್ಯಾಸ್ ಒಲೆ ಹೊರಗಿಡಿ, ಕಾರಣವನ್ನು ಚಿತ್ರ ಬರೆದು ಅಂಟಿಸಿ.

ಕೆಂಡ ಮುಖ್ಯವಾಗಿ ಬೇಕಾಗುವುದು ಕಾಂಗರೂ ಬಾಲಕ್ಕೆ. ಆಲಿಸ್‌ನ ಅಂಗಡಿಗಳಲ್ಲಿ ಚರ್ಮ ಸಮೇತ ಹೆಪ್ಪುಗಟ್ಟಿಸಿದ ಬಾಲ ಸಿಗುತ್ತದೆ. ಜ್ವಾಲೆಯಲ್ಲಿ ಕೂದಲು ಸುಟ್ಟು, ಹೆರೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಕೆಂಡಬೂದಿಯೊಳಗೆ ಒಂದು ಗಂಟೆಗೂ ಮೇಲೆ ಹೂಳುತ್ತಾರೆ. ಸಸ್ಯಾಹಾರಿ ಸಿಬ್ಬಂದಿಗೆ ಕೂದಲು ಸುಡುವ ವಾಸನೆ ಒಗ್ಗದಿರಬಹುದು. ಮೂಗು ಮುಚ್ಚಿಕೊಳ್ಳುವುದನ್ನು ಮಾತ್ರ ಅವರೆದುರು ಮಾಡಬೇಡಿ. ಫ್ರೀಜರಿನಲ್ಲಿ ಅತಿಥಿಗಳಿಗೆಂದೇ ಒಂದು ಅರೆ ಬಿಟ್ಟಿರಿ, ಹೆಸರು ಬರೆಯಲು ಪೆನ್ನು ಮತ್ತು ಟೇಪು ಸಮೇತ.

5. ನೀರು ಮತ್ತು ರಿಪೇರಿ

1980ರ ದಶಕದಲ್ಲಿ ಪಿಚಂಚಾರ ಪ್ರದೇಶದ ಙಾನಂಪ ಆರೋಗ್ಯ ಮಂಡಳಿಯ ಜೊತೆ ಒಬ್ಬ ವಾಸ್ತುಶಿಲ್ಪಿ, ಒಬ್ಬ ವೈದ್ಯ, ಒಬ್ಬ ಪರಿಸರ ಆರೋಗ್ಯ ತಜ್ಞ ಕೂಡಿ ಮನೆ ಮತ್ತು ಕಾಯಿಲೆಯ ನಂಟನ್ನು ಪರೀಕ್ಷಿಸಿ, ಆರೋಗ್ಯಕ್ಕೆ ಬೇಕಾದ ಒಂಬತ್ತು ಅಂಶಗಳ ಪಟ್ಟಿ ಮಾಡಿದರು. ಮೊದಲನೆಯದು ಮೈ ತೊಳೆಯುವ ಅನುಕೂಲ, ಎರಡನೆಯದು ಬಟ್ಟೆ ಹಾಸಿಗೆ ಒಗೆಯುವುದು, ಮೂರನೆಯದು ಕೊಳೆ ನೀರು ಸುರಕ್ಷಿತವಾಗಿ ಹೊರಹೋಗುವುದು. ಧೂಳು, ಸೆಕೆ, ಚಳಿ ಎಲ್ಲ ಆಮೇಲೆ. ಆ ಕೆಲಸದಿಂದ ಬೆಳೆದ ಮನೆ ರಿಪೇರಿ ಯೋಜನೆಗಳಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಕೆಟ್ಟುಹೋದ ವಸ್ತುಗಳಲ್ಲಿ ಬಾಡಿಗೆದಾರರ ಕೈಯಿಂದ ಹಾಳಾದದ್ದು ಹತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಉಳಿದದ್ದಕ್ಕೆಲ್ಲ ಕಾರಣ ನಿಯಮಿತ ದುರಸ್ತಿ ಮಾಡದಿದ್ದದ್ದು ಇಲ್ಲವೇ ಮೊದಲೇ ತಪ್ಪಾಗಿ ಜೋಡಿಸಿದ್ದು. ‘ಅವರೇ ಒಡೆದುಹಾಕುತ್ತಾರೆ’ ಎಂಬ ಮಾತು ಕಿವಿಗೆ ಬಿದ್ದಾಗ ಇದು ನೆನಪಿರಲಿ.

ಆಲಿಸ್‌ನದು ನೆಲದಾಳದಿಂದ ಎತ್ತುವ ಗಡಸು ನೀರು. ಷವರಿನ ತೂತು ಸುಣ್ಣ ಕಟ್ಟಿ ಮುಚ್ಚುತ್ತದೆ, ಗೀಸರಿನ ಕಾಯಿಲ್ ಸುಡುತ್ತದೆ, ನಲ್ಲಿಯ ವಾಷರ್ ತಿನ್ನಲ್ಪಡುತ್ತದೆ. ತಿಂಗಳಿಗೊಮ್ಮೆ ಷವರಿನ ತಲೆ ಬಿಚ್ಚಿ ವಿನಿಗರಿನಲ್ಲಿ ಒಂದು ರಾತ್ರಿ ನೆನೆಸಿ. ಕೋಣೆ ಖಾಲಿಯಾದಾಗಲೆಲ್ಲ ಮೂರು ಪರೀಕ್ಷೆ: ಬಿಸಿನೀರು ಬರುತ್ತದೆಯೇ, ನೆಲದ ನೀರು ಮೋರಿಗೆ ಹೋಗುತ್ತದೆಯೇ, ಕಕ್ಕಸಿನ ಚಿಲಕ ಒಳಗಿಂದ ಬೀಳುತ್ತದೆಯೇ. ಚಿಲಕವಿಲ್ಲದ ಬಚ್ಚಲಿಗೆ ಹೆಂಗಸರು ಹೋಗುವುದಿಲ್ಲ.

ವಾಷಿಂಗ್ ಮೆಷಿನ್ ದೊಡ್ಡದು ಬೇಕು, ಕಂಬಳಿ ಹಿಡಿಯುವಂಥದ್ದು. ಬಿಸಿನೀರಿನ ಜೋಡಣೆ ಇರಲಿ, ಕಜ್ಜಿಯ ಹುಳು ತಣ್ಣೀರಿಗೆ ಸಾಯದು. ನಾಣ್ಯ ಹಾಕಿ ಓಡಿಸುವ ಮೆಷಿನ್ ಬೇಡವೇ ಬೇಡ.

6. ಡಯಾಲಿಸಿಸ್ ಅತಿಥಿಗಳು

ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕೈದು ಗಂಟೆ ಯಂತ್ರದ ಪಕ್ಕ. ಬೆಳಗಿನ ಪಾಳಿಯವರು ನಿಮ್ಮ ತಿಂಡಿಯ ಹೊತ್ತಿಗೆ ಮೊದಲೇ ಹೊರಟಿರುತ್ತಾರೆ, ರಾತ್ರಿಯೇ ಕಟ್ಟಿಡಿ. ಮಧ್ಯಾಹ್ನದ ಊಟವನ್ನು ಅವರ ಹೆಸರು ಬರೆದು ತೆಗೆದಿಡಿ, ಹಿಂದಿರುಗುವಾಗ ರಕ್ತದೊತ್ತಡ ಇಳಿದು ತಲೆ ತಿರುಗುತ್ತಿರುತ್ತದೆ. ಕೋಣೆ ನೆಲಮಟ್ಟದಲ್ಲಿ, ಬಾಗಿಲಿಗೆ ವಾಹನ ಬರುವಂತಿರಲಿ. ಉಪ್ಪು ಕಡಿಮೆ, ನೀರು, ಆಲೂಗಡ್ಡೆ, ಬಾಳೆಹಣ್ಣಿಗೆ ಮಿತಿ. ಮಿತಿ ಎಷ್ಟೆಂದು ಪ್ರತಿಯೊಬ್ಬರದ್ದೂ ಡಯಾಲಿಸಿಸ್ ಘಟಕದಿಂದಲೇ ಬರೆಸಿಕೊಳ್ಳಿ.

2000ದಲ್ಲಿ ಕಿಂಟೋರ್ ಮತ್ತು ಕಿವಿರ್ಕುರದ ಪಿಂಟುಪಿ ಕಲಾವಿದರು ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜಿಗಿಟ್ಟು ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಅದರಿಂದ ಬೆಳೆದ ‘ಪರ್ಪಲ್ ಹೌಸ್’ ಸಂಸ್ಥೆ 2004ರಲ್ಲಿ ಕಿಂಟೋರಿನಲ್ಲೇ ಡಯಾಲಿಸಿಸ್ ಶುರುಮಾಡಿತು. ಅಲ್ಲಿ ಕುರ್ಚಿ ಕೆಲವೇ, ಹಾಗಾಗಿ ಸರದಿಯ ಮೇಲೆ ಜನ ಊರಿಗೆ ಹೋಗಿ ಬರುತ್ತಾರೆ. ಸರದಿ ಬಂದು ಊರಿಗೆ ಹೋದವರ ಕೋಣೆಯನ್ನು ಬೇರೆಯವರಿಗೆ ಕೊಡಿ, ಸಾಮಾನನ್ನು ಮಾತ್ರ ಬೀಗದ ಕಪಾಟಿನಲ್ಲಿಡಿ. ‘ಖಾಲಿ ಮಾಡಿಕೊಂಡು ಹೋಗಿ’ ಎಂದರೆ ಎಷ್ಟೋ ಜನ ಹಾಸಿಗೆ ಕಳೆದುಕೊಳ್ಳುವ ಭಯಕ್ಕೆ ಊರಿಗೇ ಹೋಗುವುದಿಲ್ಲ.

7. ಮಾತು

1928ರಿಂದ 1964ರವರೆಗೆ ಆಲಿಸ್ ಸ್ಪ್ರಿಂಗ್ಸ್ ಪಟ್ಟಣ ಅಬೊರಿಜಿನಲ್ ಜನರಿಗೆ ನಿಷೇಧಿತ ಪ್ರದೇಶವಾಗಿತ್ತು. ಆ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋದ ಸರ್ಕಾರಿ ನೀತಿಯ ನೆನಪೂ ಮನೆಮನೆಯಲ್ಲಿದೆ. ಕೌಂಟರಿನ ಹಿಂದೆ ಸಮವಸ್ತ್ರ ತೊಟ್ಟು ‘ಈ ಮಗು ಯಾರದು?’ ಎಂದು ಕೇಳಿದರೆ ಆ ಕುಟುಂಬ ಬೆಳಗಾಗುವುದರೊಳಗೆ ಮಾಯವಾದರೂ ಆಶ್ಚರ್ಯವಿಲ್ಲ. ಕೌಂಟರಿಂದ ಹೊರಬಂದು ಪಕ್ಕದಲ್ಲಿ, ಎದುರುಬದುರಲ್ಲದೆ ಓರೆಯಾಗಿ ಕುಳಿತು ಮಾತಾಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪ್ರಶ್ನೆ ಕೇಳಿ ಸುಮ್ಮನಿರಿ. ಉತ್ತರ ತಡವಾಗಿ ಬರುತ್ತದೆ, ಆದರೆ ಬರುತ್ತದೆ.

‘ಹೌದು’ ಎಂಬ ಉತ್ತರವನ್ನು ನೆಚ್ಚಬೇಡಿ. ಅಧಿಕಾರದಲ್ಲಿರುವವರು ಕೇಳಿದ್ದಕ್ಕೆಲ್ಲ ಹೌದೆಂದು ಮಾತು ಮುಗಿಸುವುದು ಅಲ್ಲಿ ಸಾಮಾನ್ಯ. ‘ನಾಳೆ 8ಕ್ಕೆ ಆಸ್ಪತ್ರೆಗೆ ಹೋಗುತ್ತೀರಲ್ಲ?’ ಎನ್ನುವ ಬದಲು ‘ನಾಳೆ ಎಲ್ಲಿಗೆ ಹೋಗಬೇಕು, ಹೇಗೆ ಹೋಗುತ್ತೀರಿ?’ ಎಂದು ಕೇಳಿ. ಚಿಕ್ಕಂದಿನ ಕಿವಿ ಸೋರುವ ಕಾಯಿಲೆಯಿಂದ ಅನೇಕರಿಗೆ ಕಿವಿ ಮಂದ. ಟಿವಿ ಆರಿಸಿ ಮಾತಾಡಿ. ಉತ್ತರ ಪ್ರಾಂತ್ಯದ ಸರ್ಕಾರಿ ಅಬೊರಿಜಿನಲ್ ದುಭಾಷಿ ಸೇವೆ ಫೋನಿನಲ್ಲೂ ಸಿಗುತ್ತದೆ. ದುಭಾಷಿ ಗಂಡಸೋ ಹೆಂಗಸೋ, ಯಾವ ಊರಿನವರು ಎಂದು ಮೊದಲು ಅತಿಥಿಗೆ ಹೇಳಿ. ಆ ದುಭಾಷಿ ಅವರಿಗೆ ಅತ್ತೆಯ ಸಾಲಿನವರಾದರೆ ಮಾತೇ ಹೊರಡದು.

8. ದುಡ್ಡು, ಕುಡಿತ, ಹಂಬಗ್

ಬಾಡಿಗೆಯಲ್ಲಿ ಊಟವೂ ಸೇರಿರಲಿ. ಸರ್ಕಾರಿ ಪಿಂಚಣಿ, ಭತ್ಯೆಯಿಂದಲೇ ಕಡಿತವಾಗುವ ಸೆಂಟರ್‌ಪೇ ವ್ಯವಸ್ಥೆಗೆ ಅತಿಥಿಯ ಒಪ್ಪಿಗೆ ಬೇಕು, ನಿಲ್ಲಿಸುವ ಹಕ್ಕೂ ಅವರದೇ. ಹೊರಡುವ ದಿನವೇ ಅದನ್ನು ರದ್ದು ಮಾಡಿಸಿ. ಮರೆತರೆ ಊರಿಗೆ ಹೋದ ಮೇಲೂ ಹಣ ಕಡಿತವಾಗುತ್ತಲೇ ಇರುತ್ತದೆ.

‘ಹಂಬಗ್’ ಎಂದರೆ ಅಲ್ಲಿ ನಂಟರು ದುಡ್ಡಿಗೆ, ಊಟಕ್ಕೆ ಪೀಡಿಸುವುದು. ನಂಟರಿಗೆ ಇಲ್ಲ ಎನ್ನುವುದು ಅವರಿಗೆ ಕಷ್ಟ. ಆ ‘ಇಲ್ಲ’ವನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳಿ: ‘ಆಫೀಸಿನವರು ಬಿಡುವುದಿಲ್ಲ’ ಎಂದು ಹೇಳಲು ಅವರಿಗೆ ಅವಕಾಶವಿರಲಿ. ಭೇಟಿಗೆ ಬರುವವರಿಗೆ ರಾತ್ರಿ 8ರ ಗಡಿ, ಬೆಲೆಯುಳ್ಳ ವಸ್ತುಗಳಿಗೆ ಕಚೇರಿಯಲ್ಲಿ ಬೀಗ, ಇಷ್ಟು ಸಾಕು.

ಮದ್ಯ ಒಳಗೆ ಇಲ್ಲ. ಇದನ್ನು ಹೆಚ್ಚಿನ ಅತಿಥಿಗಳೇ, ಮುಖ್ಯವಾಗಿ ಅಜ್ಜಿಯರು, ಬಯಸುತ್ತಾರೆ. ಆದರೆ ಕುಡಿದು ಬಂದವರನ್ನು ಜುಲೈ ರಾತ್ರಿಯ ಚಳಿಗೆ ತಳ್ಳಿ ಗೇಟು ಹಾಕುವುದು ನಿಯಮವಲ್ಲ, ಅಪಾಯ. ನೈಟ್ ಪ್ಯಾಟ್ರೋಲ್ ಎಂಬ ರಾತ್ರಿ ಗಸ್ತಿನವರನ್ನು ಕರೆಸಿ, ಅಮಲು ಇಳಿಯುವವರೆಗೆ ಇರಿಸಿಕೊಳ್ಳುವ ಕೇಂದ್ರಕ್ಕೆ ಕಳಿಸಿ. ಅವರ ಹಾಸಿಗೆಯನ್ನು ಮರುದಿನ ಬೆಳಗ್ಗೆ 10ರವರೆಗೆ ಕಾದಿರಿಸಿ.

9. ಸಾವಿನ ಸುದ್ದಿ ಬಂದಾಗ

ಸಾವು ಮತ್ತು ಅದರ ನಂತರದ ಶೋಕವನ್ನು ಅಲ್ಲಿ ‘ಸಾರಿ ಬಿಸಿನೆಸ್’ ಎನ್ನುತ್ತಾರೆ. ತೀರಿಕೊಂಡವರ ಹೆಸರು ಉಚ್ಚರಿಸುವಂತಿಲ್ಲ. ಅದೇ ಹೆಸರಿನ ಬದುಕಿರುವವರನ್ನೂ ಬೇರೆ ಪದದಿಂದ ಕರೆಯುತ್ತಾರೆ: ವಾರ್ಲ್‌ಪಿರಿಯಲ್ಲಿ ಕುಮಂಜಯಿ, ಅರೆರ್ನ್ಟೆಯಲ್ಲಿ ಕ್ವೆಮೆಂಟ್ಯಾಯ, ಪಿಚಂಚಾರದಲ್ಲಿ ಕುನ್ಮನಾರ. ನಿನ್ನೆ ಒಂದು ಹೆಸರಿದ್ದ ಅತಿಥಿ ಇಂದು ಕುಮಂಜಯಿ ಎಂದರೆ ದಾಖಲೆಯಲ್ಲಿ ಸಂಖ್ಯೆ ಹಾಗೇ ಇರಲಿ, ಬಾಯಲ್ಲಿ ಹೊಸ ಹೆಸರೇ ಬರಲಿ. ಊಟದ ಮನೆಯ ಹೆಸರುಪಟ್ಟಿಯನ್ನೂ ಗೋಡೆಯ ಮೇಲಿನ ಹಳೆಯ ಫೋಟೋಗಳನ್ನೂ ಅಂದೇ ಪರಿಶೀಲಿಸಿ.

ಗಂಡ ಸತ್ತ ವಾರ್ಲ್‌ಪಿರಿ ಹೆಂಗಸು ತಿಂಗಳುಗಟ್ಟಲೆ ಮಾತು ಬಿಟ್ಟು ಕೈಸನ್ನೆಯಲ್ಲೇ ವ್ಯವಹರಿಸುವ ಸಂಪ್ರದಾಯವಿದೆ. ಕೌಂಟರಿನಲ್ಲಿ ಮೌನವಾಗಿ ನಿಂತವರನ್ನು ಮೂರು ಸಲ ಹೆಸರು ಕೇಳುವ ಮುನ್ನ ಜೊತೆಯವರತ್ತ ತಿರುಗಿ.

ತಂಗುದಾಣದಲ್ಲೇ ಸಾವಾದರೆ ಆ ಕೋಣೆಗೆ ಬೀಗ ಹಾಕಿ. ಪೊಲೀಸ್ ಕೆಲಸ ಮುಗಿದ ಮೇಲೆ ಕುಟುಂಬದವರನ್ನೂ ಸ್ಥಳೀಯ ಅರೆರ್ನ್ಟೆ ಹಿರಿಯರನ್ನೂ ಕೇಳಿ, ಕೋಣೆಯ ಶುದ್ಧಿಗಾಗಿ ಹಸಿ ಎಲೆಯ ಹೊಗೆ ಹಾಕಿಸಿ. ಇಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ: ಹೊಗೆ ಶೋಧಕ ಕೂಗಿ, ಶಾಸ್ತ್ರದ ನಡುವೆ ಅಗ್ನಿಶಾಮಕ ಗಾಡಿ ಬಂದು ನಿಲ್ಲುತ್ತದೆ. ಆ ಭಾಗದ ಶೋಧಕವನ್ನು ಅಧಿಕೃತ ತಂತ್ರಜ್ಞರಿಂದ ತಾತ್ಕಾಲಿಕವಾಗಿ ಬೇರ್ಪಡಿಸಿ, ಅಲ್ಲಿಯವರೆಗೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಮುಗಿದ ಕೂಡಲೇ ಮತ್ತೆ ಚಾಲೂ ಮಾಡಿಸಿ. ಕೋಣೆ ಎಷ್ಟು ದಿನ ಮುಚ್ಚಿರಬೇಕೆಂದು ನೀವು ತೀರ್ಮಾನಿಸಬೇಡಿ. ಹೊಗೆ ಹಾಕದೆ ಬಣ್ಣ ಬಳಿದು ಮರುದಿನವೇ ಕೊಟ್ಟರೆ ಆ ಒಂದು ಕೋಣೆ ಮಾತ್ರವಲ್ಲ, ಇಡೀ ಸಾಲು ಖಾಲಿಯಾಗುತ್ತದೆ.

10. ಹೊರಡುವ ದಿನ

ಊರಿನ ಬಸ್ಸು ದಿನವೂ ಇರುವುದಿಲ್ಲ. ಡಿಸ್ಚಾರ್ಜ್ ಶುಕ್ರವಾರ, ಬಸ್ಸು ಮಂಗಳವಾರ ಎಂದಾದರೆ ನಡುವಿನ ನಾಲ್ಕು ರಾತ್ರಿ ಯಾರ ಲೆಕ್ಕಕ್ಕೆ ಎಂದು ಬಂದ ದಿನವೇ ಆಸ್ಪತ್ರೆಯವರ ಜೊತೆ ಇತ್ಯರ್ಥ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಮಳೆ ಬಂದರೆ ಮಣ್ಣುರಸ್ತೆ ಮುಚ್ಚುತ್ತದೆ, ಅದೇ ತಿಂಗಳುಗಳಲ್ಲಿ ಹುಡುಗರ ದೀಕ್ಷೆಯ ಶಾಸ್ತ್ರಗಳಿಗಾಗಿ ಕೆಲವು ದಾರಿಗಳಲ್ಲಿ ಓಡಾಟ ನಿಲ್ಲುವುದೂ ಉಂಟು. ‘ಈಗ ಹೋಗಲಾಗದು’ ಎಂದರೆ ಅಷ್ಟೇ ಸಾಕು, ವಿವರ ಕೇಳಬೇಡಿ.

ಇನ್ಸುಲಿನ್ ಇದ್ದರೆ ಐಸ್ ಪೆಟ್ಟಿಗೆಯಲ್ಲಿ ಕಟ್ಟಿಕೊಡಿ, ಮಾತ್ರೆಯ ಚೀಲ ಫ್ರಿಜ್ಜಿನ ಮೇಲೆ ಉಳಿದಿಲ್ಲವೆಂದು ನೋಡಿ. ನೀರು, ಬ್ರೆಡ್ಡು, ಹಣ್ಣು. ಕೋಣೆಯಲ್ಲಿ ಬಿಟ್ಟುಹೋದ ಕಂಬಳಿಯನ್ನೋ ಮಗುವಿನ ಚಪ್ಪಲಿಯನ್ನೋ ಕಂಡರೆ ಕಸಕ್ಕೆ ಹಾಕಬೇಡಿ. ಒಗೆದು, ಊರಿನ ಹೆಸರು ಬರೆದು, ಮುಂದಿನ ಬಸ್ಸಿನ ಡ್ರೈವರ್ ಕೈಗೆ ಕೊಡಿ. ಅಲ್ಲಿನ ಅಂಗಡಿಯ ಮುಂದೆ ಇಳಿಸಿದರೆ ಸೇರಬೇಕಾದವರಿಗೆ ಸೇರುತ್ತದೆ.